ಬೇಸಿಗೆಯ ಹೊಳೆಯಲ್ಲಿ ಯಾರ ನೀರು?

ಮಳೆ ನಿಂತು ನಾಲ್ಕು ತಿಂಗಳಾದ ಮೇಲೂ ಹೊಳೆ ಹರಿಯುತ್ತಿದ್ದರೆ, ಅದಕ್ಕೆ ನೀರುಣಿಸುತ್ತಿರುವುದು ಸಾಮಾನ್ಯವಾಗಿ ನೆಲ. ಮಳೆಗಾಲದಲ್ಲಿ ಇಂಗಿದ ನೀರು ಶಿಥಿಲ ಬಂಡೆಯ ಪದರದಲ್ಲಿ ನಿಧಾನವಾಗಿ ಸರಿದು ತಗ್ಗಿನಲ್ಲಿ ಒಸರುತ್ತದೆ. ಕೆರೆಯಂಗಳದ ಊಟೆ, ಗದ್ದೆಬಯಲಿನ ಜೌಗು, ಮರಳು ಬಗೆದರೆ ಸಿಗುವ ಚಿಲುಮೆ ಎಲ್ಲವೂ ಈ ಒಸರಿನ ಮಕ್ಕಳೇ.

ಹೊಸೂರು ಪಕ್ಕದ ಅವಲಪಲ್ಲಿಯ ಸೀಮೆಯಲ್ಲಿ ನೆಲದೊಳಗಿನ ಈ ನೀರಿನ ಉಗ್ರಾಣ ಚಿಕ್ಕದು. ತಳದಲ್ಲಿರುವುದು 250 ಕೋಟಿ ವರ್ಷಕ್ಕೂ ಹಳೆಯ ಗಟ್ಟಿ ನೈಸ್ ಶಿಲೆ. ನೀರು ನಿಲ್ಲುವುದು ಅದರ ಮೇಲಿನ ಸವೆದ ಪದರದಲ್ಲಿ ಮತ್ತು ಕೆಳಗಿನ ಬಿರುಕುಗಳಲ್ಲಿ ಮಾತ್ರ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆ ದಾಟಿ, ಹೊಸೂರಿನ ಬಳಿ ಕೆಲವರಪಲ್ಲಿ ಜಲಾಶಯ ತುಂಬಿ, ಕೃಷ್ಣಗಿರಿ ಅಣೆಕಟ್ಟಿನತ್ತ ಹೋಗುತ್ತದೆ. ಇಂದು ಬೇಸಿಗೆಯಲ್ಲೂ ಇದರಲ್ಲಿ ನೀರಿದೆ. ಆದರೆ ಅದು ಬಹುಪಾಲು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ಬರುವ ಬೆಂಗಳೂರಿನ ಬಳಸಿದ ನೀರು. ಸುಮಾರು 100 ಕಿ.ಮೀ. ದೂರದಿಂದ ಪಂಪು ಮಾಡಿ ತಂದ ಕಾವೇರಿ, ನಗರದ ಬಚ್ಚಲುಗಳ ಮೂಲಕ ಇನ್ನೊಂದು ನದಿಯ ಪಾತ್ರಕ್ಕೆ ಇಳಿಯುತ್ತಿದೆ!

ಹಾಗಾದರೆ ನೆಲದ ಪಾಲು ಎಷ್ಟೆಂದು ಕಂಡುಹಿಡಿಯುವುದು ಹೇಗೆ? ಕರಗಿದ ಲವಣ ಅಳೆಯುವುದು ಅಗ್ಗದ ದಾರಿ, ಏಕೆಂದರೆ ಅಂತರ್ಜಲದಲ್ಲಿ ಲವಣ ಹೆಚ್ಚು. ಆದರೆ ಕೊಳಚೆಯಲ್ಲೂ ಲವಣ ಹೆಚ್ಚಿರುವುದರಿಂದ ಇಲ್ಲಿ ಆ ಲೆಕ್ಕ ದಾರಿ ತಪ್ಪಿಸುತ್ತದೆ. ಇಂಥಲ್ಲಿ ನೆರವಿಗೆ ಬರುವುದು ರೇಡಾನ್ ಅನಿಲ. ಬಂಡೆಯಲ್ಲಿರುವ ಅತ್ಯಲ್ಪ ಯುರೇನಿಯಂ ಕ್ಷಯಿಸುತ್ತಾ ರೇಡಾನ್ ಹುಟ್ಟಿಸುತ್ತದೆ, ಅದು ಅಂತರ್ಜಲದಲ್ಲಿ ಕರಗುತ್ತದೆ. ನೀರು ಬಯಲಿಗೆ ಬಂದೊಡನೆ ಆ ಅನಿಲ ಗಾಳಿಗೆ ಹಾರಿಹೋಗಲು ತೊಡಗುತ್ತದೆ. ಉಳಿದದ್ದರಲ್ಲಿ ಅರ್ಧ 3.8 ದಿನಗಳಲ್ಲಿ ಕ್ಷಯಿಸಿಬಿಡುತ್ತದೆ. ಆದ್ದರಿಂದ ಹೊಳೆಯ ಯಾವ ತಿರುವಿನಲ್ಲಿ ರೇಡಾನ್ ಥಟ್ಟನೆ ಏರುತ್ತದೋ ಅಲ್ಲೇ ಆಸುಪಾಸಿನಲ್ಲಿ ನೆಲ ಒಸರುತ್ತಿದೆ ಎಂದರ್ಥ. ಬಾಟಲಿಯಲ್ಲಿ ನೀರು ತುಂಬಿ, ಗಾಳಿ ಹಾಯಿಸಿ ಅನಿಲವನ್ನು ಹೊರತೆಗೆದು, ಅದು ಸಿಡಿಸುವ ಆಲ್ಫಾ ಕಣಗಳನ್ನು ಎಣಿಸುವ ಯಂತ್ರ ಒಂದು ಪೆಟ್ಟಿಗೆಯಷ್ಟೇ ದೊಡ್ಡದು. ಇದರ ಜೊತೆಗೆ ಆಕ್ಸಿಜನ್-18ರ ಪ್ರಮಾಣ ನೋಡಿದರೆ, ಜಲಾಶಯದ ಬಿಸಿಲಲ್ಲಿ ಆವಿಯಾಗುತ್ತಾ ನಿಂತಿದ್ದ ನೀರು ಯಾವುದು, ಬೇಗನೆ ಇಂಗಿದ ಮಳೆನೀರು ಯಾವುದು ಎಂದು ಗುರುತು ಹತ್ತುತ್ತದೆ.

ಇನ್ನು ನೆಲದ ಒಸರು ಕುಗ್ಗುವುದೇಕೆ? ಮಳೆಯೇ ಕಡಿಮೆಯಾಗಿದೆ, ಅದಕ್ಕೇ ಹೊಳೆಗಳು ಬತ್ತಿವೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದೇ ನಂದಿಯ ಇನ್ನೊಬ್ಬ ಮಗಳು ಅರ್ಕಾವತಿ. ಆಕೆ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಬಾರದಾದದ್ದೇಕೆಂದು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಹುಡುಕಿದರು. 2015ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಮಳೆ ಕುಗ್ಗಿದ್ದು ಕಾರಣವಲ್ಲ, ಕೊಳವೆಬಾವಿಗಳ ಎತ್ತುವಳಿ ಮತ್ತು ನೀಲಗಿರಿ ತೋಪುಗಳ ಮೇಲೆಯೇ ಹೆಚ್ಚು ಅನುಮಾನ.

ಬಾವಿಯ ನೀರಿನ ಮಟ್ಟ ಹೊಳೆಯ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ನೆಲ ಹೊಳೆಗೆ ಕೊಡುತ್ತದೆ, ಕೆಳಗಿಳಿದರೆ ಹೊಳೆಯೇ ನೆಲಕ್ಕೆ ಸೋರುತ್ತದೆ. ಸಾವಿರ ಅಡಿ ಕೊರೆಯುವ ಸೀಮೆಯಲ್ಲಿ ಈ ಎರಡನೆಯದರ ಅಪಾಯವೇ ಹೆಚ್ಚು. ಆಗ ಹೊಳೆಯ ಕೊಳಚೆಯಲ್ಲಿ ಕರಗಿದ್ದೆಲ್ಲ ದಡದ ಬಾವಿಗಳತ್ತ ಹೊರಡುತ್ತದೆ. ಇದನ್ನು ತಿಳಿಯಲು ರೇಡಾನ್ ಯಂತ್ರವೂ ಬೇಕಿಲ್ಲ. ಒಂದು ತೆರೆದ ಬಾವಿ, ಒಂದು ಹಗ್ಗ, ಹೊಳೆಯ ಮಟ್ಟಕ್ಕೆ ಹೋಲಿಸಿ ನೋಡುವ ಸರ್ವೆ ಸಾಕು. ಊರೂರಲ್ಲೂ ಹಾಳುಬಿದ್ದ ಬಾವಿಗಳಿಗೆ ಕಸ ಸುರಿದು ಮುಚ್ಚುತ್ತಿದ್ದೇವೆ. ದಯವಿಟ್ಟು ನಿಮ್ಮ ಊರಿನ ಒಂದಾದರೂ ಬಾವಿಯನ್ನು ಉಳಿಸಿಕೊಳ್ಳಿ, ಮುಂಗಾರಿಗೆ ಮೊದಲೊಮ್ಮೆ, ಹಿಂಗಾರು ಮುಗಿದ ಮೇಲೊಮ್ಮೆ ಅದರ ಮಟ್ಟ ಅಳೆದು ಬರೆದಿಡಿ.