ಹಿಡಿ ದಪ್ಪವಾದರೆ ಕೈಗೆ ನಿರಾಳ

ಸಂಧಿವಾತ ಬಂದ ಬೆರಳುಗಳಿಗೆ ತೆಳು ಹಿಡಿಯಷ್ಟು ಹಿಂಸೆ ಬೇರೊಂದಿಲ್ಲ. ಚಮಚವಾಗಲಿ, ಪೆನ್ನಾಗಲಿ, ಹಲ್ಲುಜ್ಜುವ ಬ್ರಷ್ಷಾಗಲಿ, ಹಿಡಿ ತೆಳುವಾದಷ್ಟೂ ಮುಷ್ಟಿ ಬಿಗಿಯಬೇಕು, ಬಿಗಿದಷ್ಟೂ ಗೆಣ್ಣು ನೋಯುತ್ತದೆ. ಆಕ್ಯುಪೇಷನಲ್ ಥೆರಪಿಸ್ಟರು ಹೇಳುವ ಉಪಾಯ ಸರಳ: ಹಿಡಿಯನ್ನು ದಪ್ಪ ಮಾಡಿ. ಎ.ಸಿ. ಕೊಳವೆಗೆ ಹಾಕುವ ಸ್ಪಂಜಿನ ಪೈಪನ್ನು ಹಿಡಿಯುದ್ದಕ್ಕೆ ಕತ್ತರಿಸಿ ಚಮಚಕ್ಕೆ ತೊಡಿಸಿದರೂ ಸಾಕು.

ಅಮೆರಿಕದ ಉದ್ಯಮಿ ಸ್ಯಾಮ್ ಫಾರ್ಬರ್ ಅವರ ಪತ್ನಿ ಬೆಟ್ಸಿಗೆ ಸಂಧಿವಾತವಿತ್ತು. ಸಿಪ್ಪೆ ಹೆರೆಯುವ ಪೀಲರ್ ಹಿಡಿಯಲು ಆಕೆ ಪಡುತ್ತಿದ್ದ ಪಾಡು ನೋಡಿ ಅವರು ನ್ಯೂಯಾರ್ಕಿನ ಸ್ಮಾರ್ಟ್ ಡಿಸೈನ್ ಸಂಸ್ಥೆಯ ಮೊರೆಹೋದರು. ಅಲ್ಲಿ ರೂಪುಗೊಂಡದ್ದು ಮೆದು ರಬ್ಬರಿನ ದಪ್ಪ ಹಿಡಿ, ಬೆರಳು ಊರುವ ಜಾಗದಲ್ಲಿ ಸಣ್ಣ ಸಣ್ಣ ಪದರು; ಒದ್ದೆ ಕೈಯಲ್ಲೂ ಜಾರದು. 1990ರಲ್ಲಿ ‘ಆಕ್ಸೋ ಗುಡ್ ಗ್ರಿಪ್ಸ್’ ಹೆಸರಿನಲ್ಲಿ ಬಂದ ಈ ಪೀಲರನ್ನು ಕೈ ಗಟ್ಟಿಯಿದ್ದವರೂ ಮುಗಿಬಿದ್ದು ಕೊಂಡರು.

ಪಾರ್ಶ್ವವಾಯುವಿನಿಂದ ಒಂದು ಕೈ ಸೋತವರಿಗೆಂದೇ ಒಂದು ಮಣೆ ಇದೆ. ಅದರ ಮೇಲೆ ತುಕ್ಕು ಹಿಡಿಯದ ಎರಡು ಮೊಳೆಗಳು ಮೇಲ್ಮುಖವಾಗಿ ನಿಂತಿರುತ್ತವೆ. ಈರುಳ್ಳಿಯನ್ನು ಅವಕ್ಕೆ ಚುಚ್ಚಿದರೆ ಅಲುಗುವುದಿಲ್ಲ, ಇನ್ನೊಂದು ಕೈಯಿಂದ ಹೆಚ್ಚಬಹುದು. ಮೂಲೆಯಲ್ಲಿ ಎತ್ತರಿಸಿದ ಅಂಚಿದ್ದರೆ ಬ್ರೆಡ್ಡಿಗೆ ಬೆಣ್ಣೆಯನ್ನೂ ಸವರಬಹುದು. ಮಣೆಯ ಅಡಿಯಲ್ಲಿ ರಬ್ಬರ್ ಬಟ್ಟಲುಗಳಿರುವುದರಿಂದ ಕಟ್ಟೆಗೆ ಕಚ್ಚಿಕೊಂಡಿರುತ್ತದೆ. ನಮ್ಮೂರಿನ ಯಾವ ಬಡಗಿಯಾದರೂ ಇದನ್ನು ಮಾಡಿಕೊಟ್ಟಾನು.

ಮನೆಯಲ್ಲೇ ಆಗುವ ಮಾರ್ಪಾಡುಗಳಿಗೂ ಕೊರತೆಯಿಲ್ಲ. ತಟ್ಟೆಯಡಿ ಒದ್ದೆ ಬಟ್ಟೆ ಹಾಸಿದರೆ ಸಾರನ್ನ ಕಲಸುವಾಗ ತಟ್ಟೆ ಓಡುವುದಿಲ್ಲ. ರವಿಕೆಯ ಹುಕ್ಕಿನ ಬದಲು ವೆಲ್ಕ್ರೊ. ಬಚ್ಚಲಲ್ಲಿ ಚೊಂಬಿನ ಬದಲು ಹಿಡಿಯಿರುವ ಮಗ್ಗು, ತಿರುಗಿಸುವ ನಲ್ಲಿಯ ಬದಲು ಮೊಣಕೈಯಲ್ಲಿ ತಳ್ಳುವ ಉದ್ದ ಹಿಡಿಯದು.

ಊರುಗೋಲನ್ನು ಮಾತ್ರ ಕಂಡಂತೆ ಕೊಳ್ಳಬಾರದು. ನೇರ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಬಲ ಮಂಡಿ ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು; ನೋಯುವ ಕಡೆಗೇ ಹಿಡಿಯುವವರೇ ಹೆಚ್ಚು. ತುದಿಯ ರಬ್ಬರ್ ಸವೆದರೆ ಕೂಡಲೇ ಬದಲಿಸಿ, ಒದ್ದೆ ನೆಲದಲ್ಲಿ ಅದೇ ಜಾರಿಸುತ್ತದೆ.

“ನೀವು ಸುಮ್ನೆ ಕೂತ್ಕೊಳಿ, ನಾವು ಮಾಡ್ತೀವಿ” ಎನ್ನುವುದು ನಮ್ಮ ಮನೆಗಳ ಪ್ರೀತಿಯ ಮಾತು. ಆ ಪ್ರೀತಿಯೇ ಎಷ್ಟೋ ಜನರ ಕೈಯಿಂದ ಕೆಲಸ ಕಿತ್ತುಕೊಂಡು ಅವರನ್ನು ಮೂಲೆಗೆ ಕೂರಿಸಿದೆ. ತಾಯಿಯ ಬದಲಿಗೆ ತರಕಾರಿ ಹೆಚ್ಚಿಕೊಡುವುದಕ್ಕಿಂತ ಆಕೆಗೆ ಹಿಡಿಸುವ ಚಾಕು ತಂದುಕೊಡುವುದು ದೊಡ್ಡ ಉಪಕಾರ ಎಂದು ನಾನು ನಂಬಿದ್ದೇನೆ.

ದುಡ್ಡಿನ ಚಿಂತೆಯಿದ್ದರೆ ಸರ್ಕಾರದ ದಾರಿಯೂ ಇದೆ. ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರದ ಅಡಿಪ್ ಯೋಜನೆ 1981ರಿಂದ ನಡೆದುಬಂದಿದೆ. 60 ದಾಟಿದ ಬಡವರಿಗೆ ಕೋಲು, ವಾಕರ್, ಗಾಲಿಕುರ್ಚಿ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಲ್ಲಿ ಶುರುವಾಯಿತು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಮನೆಯಲ್ಲಿ ಅಗತ್ಯವಿರುವವರಿದ್ದರೆ, ಬಿದ್ದು ಮೂಳೆ ಮುರಿಯುವವರೆಗೆ ಕಾಯದೆ, ಈ ವಾರವೇ ಹೋಗಿ ವಿಚಾರಿಸಿ.