ಬೆಳಗಾವಿ, ಖಾನಾಪುರದ ಸಣ್ಣ ಕಚೇರಿಯ ಕ್ರಿಮಿನಲ್ ವಕೀಲರ ವೃತ್ತಿ ಹೇಗಿರುತ್ತದೆ?

ಕಾನೂನು ಪದವಿ, ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಅಖಿಲ ಭಾರತ ವಕೀಲರ ಪರೀಕ್ಷೆ, ಆಮೇಲೆ ಹಿರಿಯರ ಕೈಕೆಳಗೆ ಕೆಲವು ವರ್ಷ: ಕ್ರಿಮಿನಲ್ ವಕೀಲರ ವೃತ್ತಿ ಆರಂಭವಾಗುವುದು ಹೀಗೆ. ಈ ಭಾಗದ ಅನೇಕರು ಓದುವುದು ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜಿನಲ್ಲಿ.

ಹೊಡೆದಾಟ, ಕಳ್ಳತನದಂಥ ಪ್ರಕರಣಗಳು ಖಾನಾಪುರದ ನ್ಯಾಯಾಲಯದಲ್ಲೇ ನಡೆಯುತ್ತವೆ. ಕೊಲೆಯಂಥವು ಬೆಳಗಾವಿಯ ಸೆಷನ್ಸ್ ನ್ಯಾಯಾಲಯಕ್ಕೆ, ಹೈಕೋರ್ಟಿನ ಮೇಲ್ಮನವಿ ಧಾರವಾಡ ಪೀಠಕ್ಕೆ. ಸಣ್ಣ ಕಚೇರಿಯಲ್ಲಿ ಅರ್ಜಿ ಬರೆಯುವವರೂ ವಾದಿಸುವವರೂ ಸಾಮಾನ್ಯವಾಗಿ ಒಬ್ಬರೇ.

ಹೆಚ್ಚಿನ ಓಡಾಟ ಜಾಮೀನಿಗಾಗಿ. ಬಂಧಿತರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅಪರಾಧದ ಗಂಭೀರತೆಗೆ ತಕ್ಕಂತೆ 60 ಅಥವಾ 90 ದಿನದಲ್ಲಿ ದೋಷಾರೋಪ ಪಟ್ಟಿ ಬಾರದಿದ್ದರೆ ಜಾಮೀನು ಆರೋಪಿಯ ಹಕ್ಕು. ಈ ದಿನಗಳ ಲೆಕ್ಕ ತಪ್ಪಿಸುವ ವಕೀಲರು ಕಕ್ಷಿದಾರರಿಗೆ ಅನ್ಯಾಯ ಮಾಡಿದಂತೆಯೇ. ಆದೇಶ ಸಿಕ್ಕರೂ ಹೊಲದ ಉತಾರ (ಪಹಣಿ) ಹಿಡಿದು ಬರುವ ಜಾಮೀನುದಾರ ಸಿಗದ ಬಡವರು ಬೆಳಗಾವಿಯ ಹಿಂಡಲಗಾ ಜೈಲಿನಲ್ಲೇ ಉಳಿಯುವುದುಂಟು.

ವಿಚಾರಣೆಯಲ್ಲಿ ನಿಜವಾದ ಪರೀಕ್ಷೆ ಪಾಟೀಸವಾಲು. ಪಂಚನಾಮೆಗೆ ಸಹಿ ಹಾಕಿದ್ದು ಸ್ಥಳದಲ್ಲೋ ಠಾಣೆಯಲ್ಲೋ ಎಂಬ ಒಂದು ಪ್ರಶ್ನೆಗೆ ಇಡೀ ಪ್ರಕರಣ ಸಡಿಲಾಗಬಹುದು. ಖಾನಾಪುರದ ಸಾಕ್ಷಿಗಳಲ್ಲಿ ಮರಾಠಿ ಮಾತಾಡುವವರು ಬಹಳ. ಕನ್ನಡ, ಮರಾಠಿ ಎರಡೂ ಬಲ್ಲ ವಕೀಲರಿಗೆ ಇಲ್ಲಿ ಬೇಡಿಕೆ ಹೆಚ್ಚು. ಶುಲ್ಕ ಕೊಡಲಾಗದವರ ಪರ ವಾದಿಸುವ ವಕೀಲರನ್ನು ಕಾನೂನು ಸೇವೆಗಳ ಪ್ರಾಧಿಕಾರವೇ ನೇಮಿಸುತ್ತದೆ.