ವಿಲ್ ಎಲ್ಲಿ, ವುಡ್ ಎಲ್ಲಿ?

ಪ್ರಶ್ನೆ: ಇಂಗ್ಲಿಷಿನಲ್ಲಿ ಏನಾದರೂ ಕೇಳುವಾಗ ‘ವಿಲ್’ ಸರಿಯೋ, ‘ವುಡ್’ ಸರಿಯೋ?
– ಓದುಗರು, ತಾಳ್ಯ, ಹೊಳಲ್ಕೆರೆ ತಾಲ್ಲೂಕು

ಉತ್ತರ: ಎರಡೂ ಸರಿ, ಕೆಲಸ ಬೇರೆ. ಮುಂದೆ ಆಗುವುದನ್ನಷ್ಟೇ ತಿಳಿಯಬೇಕಿದ್ದರೆ ವಿಲ್: ‘ವಿಲ್ ದಿಸ್ ಬಸ್ ಸ್ಟಾಪ್ ಅಟ್ ತಾಳ್ಯ?’ ಕಂಡಕ್ಟರಿಂದ ಉಪಕಾರ ಬೇಕಿದ್ದರೆ ವುಡ್: ‘ವುಡ್ ಯು ಸ್ಟಾಪ್ ಹಿಯರ್, ಪ್ಲೀಸ್?’ ವಿಲ್ ಎಂದರೂ ತಪ್ಪಲ್ಲ, ಆದರೆ ಕೊಂಚ ಗಡುಸು.

ನಾವು ‘ನಿಲ್ಲಿಸ್ತೀಯಾ’ ಬಿಟ್ಟು ‘ನಿಲ್ಲಿಸ್ತೀರಾ’ ಎಂದರೆ ಸಾಕು, ಮರ್ಯಾದೆ ಬಂತು. ಇಂಗ್ಲಿಷಿನಲ್ಲಿ ಏಕವಚನದ ‘ದೌ’ ಬಳಕೆ ತಪ್ಪಿ, ನೀನು–ನೀವು ಎರಡಕ್ಕೂ ‘ಯು’ ಒಂದೇ ಉಳಿಯಿತು. ಹಾಗಾಗಿ ಅಲ್ಲಿ ಮರ್ಯಾದೆಯ ಹೊರೆ ವುಡ್‌ನಂಥ ಪದಗಳ ಮೇಲಿದೆ. ಅದು ವಿಲ್‌ನ ಭೂತಕಾಲದ ರೂಪ; ಕಾಲದ ದೂರವೇ ಮಾತಿಗೆ ಸಂಕೋಚ ತರುತ್ತದೆ.

ನಮ್ಮ ಕಚೇರಿ ಪತ್ರಗಳಲ್ಲಿ ನಿಗದಿಯಾದ ಸಭೆಗೂ ‘ವುಡ್ ಬಿ ಹೆಲ್ಡ್’ ಎಂದು ಬರೆಯುವುದುಂಟು. ಅಲ್ಲಿ ವಿಲ್ ಇರಬೇಕು.